ಗದ್ದಲದ ಮನೆಯಲ್ಲೇ ಪ್ರತ್ಯಾಹಾರ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಪ್ರತ್ಯಾಹಾರವನ್ನು, ಅಂದರೆ ಹೊರಗೆ ಓಡುವ ಇಂದ್ರಿಯಗಳನ್ನು ಒಳಮುಖವಾಗಿಸುವ ಯೋಗಾಭ್ಯಾಸವನ್ನು, ಕಲಿಯಲು ಹೊರಟವರು ಬಹುಮಟ್ಟಿಗೆ ಒಂದೇ ಜಾಗದಲ್ಲಿ ಎಡವುತ್ತಾರೆ. ಕಣ್ಣು ಮುಚ್ಚಿ ಕೂರುತ್ತಾರೆ, ಯಾವ ಸದ್ದೂ ಕಿವಿಗೆ ಬೀಳಬಾರದು ಎಂದು ಹಟ ಹಿಡಿಯುತ್ತಾರೆ. ಎರಡನೆಯ ನಿಮಿಷಕ್ಕೆ ಕುಕ್ಕರ್ ಕೂಗುತ್ತದೆ, ಬೀದಿಯಲ್ಲಿ ಕಸದ ಗಾಡಿಯ ಹಾಡು ಶುರುವಾಗುತ್ತದೆ, ಪಕ್ಕದ ಕೋಣೆಯಲ್ಲಿ ಧಾರಾವಾಹಿಯ ಅತ್ತೆ ಸೊಸೆಗೆ ಬೈಯತೊಡಗುತ್ತಾಳೆ. ಐದನೆಯ ನಿಮಿಷಕ್ಕೆ ಕೂತವರಿಗೇ ಸಿಟ್ಟು ಬಂದಿರುತ್ತದೆ. ವಾರ ಕಳೆಯುವುದರೊಳಗೆ “ಇದೆಲ್ಲ ಆಶ್ರಮದಲ್ಲಿ ಇರುವವರಿಗೆ, ಸಂಸಾರಸ್ಥರಿಗೆ ಆಗದು” ಎಂದು ಕೈಬಿಡುತ್ತಾರೆ.

ಇವರ ಶ್ರದ್ಧೆಗೆ ಏನೂ ಕಡಿಮೆಯಿಲ್ಲ. ಗುರಿ ಸ್ವಲ್ಪ ಪಕ್ಕಕ್ಕೆ ಸರಿದಿದೆ, ಹಂತಗಳ ಕ್ರಮ ಹಿಂದುಮುಂದಾಗಿದೆ. ಎರಡನ್ನೂ ಸರಿಪಡಿಸಿಕೊಂಡರೆ ಅದೇ ಕುಕ್ಕರಿನ ಕೂಗಿನ ನಡುವೆ ಅಭ್ಯಾಸ ನಡೆಯುತ್ತದೆ.

## ಮೊದಲು ಗುರಿ ಸರಿಯಾಗಲಿ

ಪತಂಜಲಿಯ ಯೋಗಸೂತ್ರದ ಎರಡನೆಯ ಪಾದದಲ್ಲಿ, 54ನೆಯ ಸೂತ್ರ ಪ್ರತ್ಯಾಹಾರದ ಲಕ್ಷಣವನ್ನು ಹೇಳುತ್ತದೆ. ಇಂದ್ರಿಯಗಳು ಸದ್ದು, ನೋಟ, ರುಚಿಯಂಥ ತಮ್ಮ ತಮ್ಮ ವಿಷಯಗಳನ್ನು ಕೂಡಿಕೊಳ್ಳದೆ ಚಿತ್ತದ ಸ್ವರೂಪವನ್ನೇ ಅನುಕರಿಸಿದಂತೆ ಇರುವುದು ಪ್ರತ್ಯಾಹಾರ ಎಂಬುದು ಅದರ ಸಾರ. ಕಿವಿ ಮುಚ್ಚಿಕೊಳ್ಳಿ, ಮನೆ ಬಿಟ್ಟು ಹೋಗಿ ಎಂಬ ಮಾತು ಅಲ್ಲಿ ಇಲ್ಲ. ಯೋಗಸೂತ್ರದ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯ ಇದಕ್ಕೆ ಜೇನಿನ ದೃಷ್ಟಾಂತ ಕೊಡುತ್ತದೆ: ಮುಖ್ಯ ಜೇನು ಹಾರಿದರೆ ಉಳಿದವೂ ಹಾರುತ್ತವೆ, ಅದು ಕೂತರೆ ಉಳಿದವೂ ಕೂರುತ್ತವೆ. ಒಂದೊಂದು ಜೇನನ್ನೂ ಹಿಡಿದು ಕೂರಿಸಲು ಹೊರಟವನು ಸೋಲುವುದು ಖಂಡಿತ.

ಅಭ್ಯಾಸಕ್ಕೆ ಬೇಕಾದ ತಿಳಿವಳಿಕೆ ಇಷ್ಟೇ. ಸದ್ದು ಕಿವಿಗೆ ತಾಗುವುದು ಒಂದು, ಮನಸ್ಸು ಅದರ ಬೆನ್ನು ಹತ್ತುವುದು ಇನ್ನೊಂದು. ಮೊದಲನೆಯದು ನಿಮ್ಮ ಕೈಯಲ್ಲಿ ಇಲ್ಲ, ಇರಬೇಕಾಗಿಯೂ ಇಲ್ಲ. ಎರಡನೆಯದು ಆಗುವ ಮುನ್ನ ಒಂದು ಚಿಕ್ಕ ಎಡೆ ಇರುತ್ತದೆ. ಮುಂದಿನ ಎಲ್ಲ ಹಂತಗಳೂ ಆ ಎಡೆಯನ್ನು ಗುರುತಿಸಿ ಹಿಗ್ಗಿಸಲು ಇರುವಂಥವು.

ಕ್ರಮದ ವಿಷಯವೂ ಗಮನದಲ್ಲಿರಲಿ. ಯೋಗದ ಎಂಟು ಅಂಗಗಳಲ್ಲಿ ಪ್ರತ್ಯಾಹಾರ ಐದನೆಯದು; ಆಸನ ಮತ್ತು ಪ್ರಾಣಾಯಾಮ ಅದಕ್ಕಿಂತ ಮೊದಲು, ಮನಸ್ಸನ್ನು ಒಂದೇ ಕಡೆ ನಿಲ್ಲಿಸುವ ಧಾರಣೆ ಅದರ ನಂತರ. ಕಚೇರಿಯಿಂದ ಬಂದು ಚಪ್ಪಲಿ ಬಿಟ್ಟವರೇ ನೇರವಾಗಿ ಕಣ್ಣು ಮುಚ್ಚಿ ಕೂತರೆ ಮನಸ್ಸು ಇನ್ನೂ ರಸ್ತೆಯಲ್ಲೇ ಇರುತ್ತದೆ.

## ಬೇಕಾಗುವ ಸಾಮಾನು

ಮಡಿಸಿದ ಕಂಬಳಿ ಅಥವಾ ಜಮಖಾನ. ಮಂಡಿನೋವು ಇದ್ದರೆ ಕೈಯಿಲ್ಲದ, ಗಟ್ಟಿಯಾದ ಕುರ್ಚಿ. ಕಣ್ಣಿನ ಮೇಲೆ ಹಾಕಿಕೊಳ್ಳಲು ತೆಳುವಾದ ಹತ್ತಿಬಟ್ಟೆ. ಒಂದು ಚಿಕ್ಕ ಪುಸ್ತಕ ಮತ್ತು ಪೆನ್ನು. ಇವೆಲ್ಲಕ್ಕಿಂತ ಮುಖ್ಯವಾಗಿ, ಮೊಬೈಲ್ ಅಲ್ಲದ ಒಂದು ಅಲಾರಾಂ ಗಡಿಯಾರ. ಸಮಯ ನೋಡಲು ಮೊಬೈಲ್ ಪಕ್ಕದಲ್ಲಿ ಇಟ್ಟುಕೊಂಡವರ ಅಭ್ಯಾಸ ಅಲ್ಲಿಯೇ ಸೋರಿಹೋಗುತ್ತದೆ. ಸದ್ದು ಬಾರದಂತೆ ಮಾಡಿಟ್ಟರೂ ಕೈ ಅದರತ್ತ ಚಾಚುತ್ತದೆ.

ಹೊರಗಿನ ಶಬ್ದ ತಡೆಯುವ ಹೆಡ್‌ಫೋನ್, ಹಿನ್ನೆಲೆ ಸಂಗೀತ, ಕಟುವಾಸನೆಯ ಊದುಬತ್ತಿ ಇವು ಬೇಡ. ಒಂದು ಶಬ್ದವನ್ನು ಇನ್ನೊಂದು ಶಬ್ದದಿಂದ ಮುಚ್ಚಿದರೆ ಮನಸ್ಸು ಹೊಸದರ ಹಿಂದೆ ಹೋಗುತ್ತದೆ, ಅಷ್ಟೇ.

## ಆರಂಭಿಸುವ ಮುನ್ನ ಎಚ್ಚರಿಕೆ

ತೀವ್ರ ಖಿನ್ನತೆ, ಪದೇ ಪದೇ ಬರುವ ಗಾಬರಿ, ಇಲ್ಲದ ದನಿಗಳು ಕೇಳಿಸುವ ತೊಂದರೆ ಅಥವಾ ಹಳೆಯ ಆಘಾತದ ನೆನಪುಗಳು ಕಾಡುವ ಸ್ಥಿತಿ ಇದ್ದವರು ತಮ್ಮ ಮನೋವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು. ಹೊರಗಿನ ಪ್ರಚೋದನೆ ಕಡಿಮೆಯಾದಾಗ ಒಳಗಿನದು ಜೋರಾಗುತ್ತದೆ. ಅದನ್ನು ತಾಳಿಕೊಳ್ಳಲು ಜೊತೆಗೆ ತಿಳಿದವರು ಬೇಕು. ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ಉಸಿರು ಕಟ್ಟಿ ಹಿಡಿಯುವ ಯಾವ ಅಭ್ಯಾಸವನ್ನೂ ಮಾಡಬಾರದು. ಈ ಮಾರ್ಗದರ್ಶಿಯಲ್ಲಿ ಕುಂಭಕ, ಅಂದರೆ ಉಸಿರು ಹಿಡಿಯುವುದು, ಎಲ್ಲಿಯೂ ಇಲ್ಲ.

ಗಾಡಿ ಓಡಿಸುವಾಗ, ರಸ್ತೆ ದಾಟುವಾಗ, ಒಲೆಯ ಮೇಲೆ ಹಾಲಿಟ್ಟಾಗ, ಚಿಕ್ಕ ಮಗುವಿನ ಕಾವಲಿಗೆ ನೀವೊಬ್ಬರೇ ಇರುವಾಗ ಇಂದ್ರಿಯಗಳು ಪೂರ್ತಿ ಹೊರಗೇ ಇರಬೇಕು. ಆ ಹೊತ್ತಿನಲ್ಲಿ ಅಭ್ಯಾಸದ ಮಾತೇ ಇಲ್ಲ.

## ಹಂತ 1: ಯಾವ ಬಾಗಿಲು ಸಡಿಲವಾಗಿದೆ ಎಂದು ನೋಡಿ (ಮೊದಲ ವಾರ)

ಮೊದಲ ವಾರ ಕೂರುವುದೇ ಬೇಡ. ಪುಸ್ತಕದಲ್ಲಿ ಐದು ಅಂಕಣ ಮಾಡಿ: ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ. ಮಾಡುತ್ತಿದ್ದ ಕೆಲಸದಿಂದ ಮನಸ್ಸು ಕಿತ್ತುಕೊಂಡು ಹೋದಾಗಲೆಲ್ಲ ಅದು ಯಾವ ಬಾಗಿಲಿನಿಂದ ಹೋಯಿತೋ ಆ ಅಂಕಣದಲ್ಲಿ ಒಂದು ಗೀಟು ಹಾಕಿ. ವಿವರಣೆ ಬರೆಯಬೇಡಿ, ಬೇಸರಪಡಲೂ ಬೇಡಿ.

ವಾರದ ಕೊನೆಗೆ ಒಂದು ಅಂಕಣ ಉಳಿದವುಗಳಿಗಿಂತ ದಟ್ಟವಾಗಿ ಕಾಣುತ್ತದೆ. ಕಣ್ಣೇ ಇರಬಹುದು ಎಂದು ಊಹಿಸಿದ್ದವರಿಗೆ ನಾಲಿಗೆಯ ಅಂಕಣ ತುಂಬಿರುವುದು ಕಂಡು ಆಶ್ಚರ್ಯವಾಗುವುದುಂಟು. ಆ ದಟ್ಟ ಅಂಕಣ ಯಾವುದೆಂದು ನೆನಪಿಡಿ, ಏಳನೆಯ ಹಂತದಲ್ಲಿ ಅದು ಬೇಕಾಗುತ್ತದೆ.

ಇದೇ ವಾರದಲ್ಲಿ ಅನಗತ್ಯ ಹೊರೆಯನ್ನು ಇಳಿಸಿ. ಕರೆ ಮತ್ತು ಮನೆಯವರ ಸಂದೇಶ ಬಿಟ್ಟು ಉಳಿದ ಎಲ್ಲ ಮೊಬೈಲ್ ಸೂಚನೆಗಳನ್ನು ನಿಲ್ಲಿಸಿ. ಮಲಗುವ ಕೋಣೆಯಿಂದ ಮೊಬೈಲ್ ಹೊರಗಿರಲಿ. ದಿನಕ್ಕೆ ಒಂದು ಊಟವಾದರೂ ಪರದೆಯಿಲ್ಲದೆ ನಡೆಯಲಿ.

ಸಾಮಾನ್ಯ ತಪ್ಪು: ಉತ್ಸಾಹದಲ್ಲಿ ಎಲ್ಲವನ್ನೂ ಒಂದೇ ದಿನ ಬಿಟ್ಟುಬಿಡುವುದು. ಏಕಾದಶಿಯ ಉಪವಾಸ ಮಾಡುವವರಿಗೆ ಇದು ಗೊತ್ತು: ಊಟ ಬಿಟ್ಟ ದಿನ ಮನಸ್ಸು ಇಡೀ ಹೊತ್ತು ದ್ವಾದಶಿಯ ಪಾರಣೆಯ ಅಡುಗೆಯ ಸುತ್ತಲೇ ಓಡಾಡಬಹುದು. ವಿಷಯ ದೂರವಾದರೂ ರುಚಿಯ ಸೆಳೆತ ಉಳಿಯುತ್ತದೆ ಎಂದು ಗೀತೆಯ ಎರಡನೆಯ ಅಧ್ಯಾಯವೂ ಎಚ್ಚರಿಸುತ್ತದೆ. ಬಿಡುವುದರಿಂದ ಭಾರ ಕಡಿಮೆಯಾಗುತ್ತದೆ. ಅಭ್ಯಾಸ ಇನ್ನೂ ಆರಂಭವಾಗಿರುವುದಿಲ್ಲ.

## ಹಂತ 2: ಆಸನ

ನಾಲ್ಕೈದು ನಿಮಿಷ ಕುತ್ತಿಗೆ, ಭುಜ, ಸೊಂಟ ಸಡಿಲಿಸಿ. ಆಮೇಲೆ ಸುಖಾಸನದಲ್ಲೋ ಕುರ್ಚಿಯಲ್ಲೋ ಬೆನ್ನು ನೇರವಾಗಿಟ್ಟು ಕೂರಿ. ಪೃಷ್ಠದ ಕೆಳಗೆ ಕಂಬಳಿ ಇಟ್ಟು ಮಂಡಿಗಳು ಸೊಂಟಕ್ಕಿಂತ ತಗ್ಗಿನಲ್ಲಿ ಇರುವಂತೆ ನೋಡಿಕೊಂಡರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮಲಗಿ ಮಾಡಬೇಡಿ, ನಿದ್ದೆ ಬರುತ್ತದೆ. ಜಾಗ ಮತ್ತು ಹೊತ್ತು ದಿನವೂ ಒಂದೇ ಇರಲಿ. ಊಟವಾಗಿ ಎರಡು ಗಂಟೆಯಾದರೂ ಕಳೆದಿರಲಿ.

## ಹಂತ 3: ಉಸಿರು, ಆಮೇಲೆ ಭ್ರಾಮರಿ

ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ನಡುವೆ ತಡೆಯಬೇಡಿ. ಹೀಗೆ ಹನ್ನೆರಡು ಸುತ್ತು. ಏದುಸಿರು ಬಂದರೆ ಎಣಿಕೆಯನ್ನು ಮೂರು ಮತ್ತು ನಾಲ್ಕಕ್ಕೆ ಇಳಿಸಿ. ಹೊರಬರುವ ಉಸಿರು ಉದ್ದವಾದಂತೆ ಎದೆಬಡಿತ ನಿಧಾನವಾಗುತ್ತದೆ, ಮೈ ಕಾವಲು ಇಳಿಸುತ್ತದೆ.

ನಂತರ ಐದರಿಂದ ಏಳು ಸುತ್ತು ಭ್ರಾಮರಿ. ಬಾಯಿ ಮುಚ್ಚಿ, ಹಲ್ಲುಗಳನ್ನು ಸ್ವಲ್ಪ ಬೇರ್ಪಡಿಸಿ, ಉಸಿರು ಬಿಡುವಾಗ ಮೆಲ್ಲಗೆ ಝೇಂಕರಿಸಿ. ಪಕ್ಕದಲ್ಲಿ ಕೂತವರಿಗೆ ಕೇಳಿಸಿದರೆ ಸಾಕು, ಮನೆಗೆಲ್ಲ ಕೇಳಿಸಬೇಕಿಲ್ಲ. ಝೇಂಕಾರ ನಿಂತ ಮರುಕ್ಷಣವನ್ನು ಬಿಡದೆ ಗಮನಿಸಿ. ನಿಂತುಹೋದ ಸದ್ದನ್ನು ಕಿವಿ ಇನ್ನೂ ಒಳಗೇ ಹುಡುಕುತ್ತಿರುತ್ತದೆ. ಕಿವಿ ಒಳಮುಖವಾಗುವುದು ಎಂದರೆ ಏನೆಂದು ಯಾರೂ ವಿವರಿಸದೆ ತಿಳಿಯುವ ಕ್ಷಣ ಅದು. ಭ್ರಾಮರಿಯನ್ನು ಬರಿಯ ಉಸಿರಾಟದ ವ್ಯಾಯಾಮವಾಗಿ ಮುಗಿಸಿ ಎದ್ದುಬಿಡುವವರು ಇದನ್ನು ಕಳೆದುಕೊಳ್ಳುತ್ತಾರೆ.

ಎರಡನೆಯ ಮತ್ತು ಮೂರನೆಯ ಹಂತಗಳನ್ನೇ ಎರಡು ವಾರ ಮಾಡಿ. ಮುಂದಕ್ಕೆ ಹಾರಬೇಡಿ.

## ಹಂತ 4: ಕಿವಿಯ ನಾಲ್ಕು ಸುತ್ತುಗಳು

ಈ ಅಭ್ಯಾಸದ ಬೆನ್ನೆಲುಬು ಇದು. ಕಣ್ಣಿಗೆ ರೆಪ್ಪೆ ಇದೆ, ಬಾಯಿಗೆ ತುಟಿ ಇದೆ, ಕಿವಿಗೆ ಬಾಗಿಲಿಲ್ಲ. ಆದ್ದರಿಂದ ಮನಸ್ಸನ್ನು ಪಳಗಿಸಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮನೆಯ ಗದ್ದಲ ನಿಮಗೆ ಇಲ್ಲಿ ಪಾಠದ ಸಾಮಗ್ರಿ.

ಕಣ್ಣಿನ ಮೇಲೆ ಬಟ್ಟೆ ಹಾಕಿಕೊಂಡು ಹೀಗೆ ಮಾಡಿ:

1. ದೂರದ ಸದ್ದು, ಎರಡು ನಿಮಿಷ. ಕೇಳಿಸುವಷ್ಟರಲ್ಲಿ ಅತಿ ದೂರದ್ದನ್ನು ಹುಡುಕಿ. ಹೆದ್ದಾರಿಯ ಮೊರೆತ, ಎಲ್ಲೋ ಬೊಗಳುವ ನಾಯಿ, ರೈಲು. ಒಂದರ ಮೇಲೆ ನಿಲ್ಲಬೇಡಿ, ಒಂದರಿಂದ ಇನ್ನೊಂದಕ್ಕೆ ಹೋಗುತ್ತಿರಿ.
2. ಬೀದಿಯ ಸದ್ದು, ಎರಡು ನಿಮಿಷ. ತರಕಾರಿಯವರ ಕೂಗು, ಸ್ಕೂಟರ್, ಮಕ್ಕಳ ಆಟ.
3. ಮನೆಯೊಳಗಿನ ಸದ್ದು, ಎರಡು ನಿಮಿಷ. ಫ್ಯಾನು, ಮಿಕ್ಸಿ, ನಲ್ಲಿ, ಪಾತ್ರೆ.
4. ಮೈಯೊಳಗಿನ ಸದ್ದು, ಮೂರು ನಿಮಿಷ. ಉಸಿರು, ಉಗುಳು ನುಂಗುವುದು, ಕೆಲವೊಮ್ಮೆ ಎದೆಬಡಿತ.

ನಿಯಮ ಒಂದೇ: ಸದ್ದಿಗೆ ಹೆಸರಿಡಬೇಡಿ. “ಆಟೋ” ಎಂಬ ಹೆಸರು ಬಂದ ಕೂಡಲೇ ಹಿಂದೆಯೇ ಕಥೆ ಬರುತ್ತದೆ: ಯಾರು ಬಂದರು, ಎಷ್ಟು ಕೇಳಿದ, ಮೀಟರ್ ಹಾಕಿದನೋ ಇಲ್ಲವೋ. ಹೆಸರು ಬಂದೇಬಿಟ್ಟರೆ ಬೇಸರಪಡದೆ ಆ ಸದ್ದನ್ನು ಅಲ್ಲಿಗೇ ಬಿಟ್ಟು ಮುಂದಿನದಕ್ಕೆ ಹೋಗಿ. ಸದ್ದು ಏರುತ್ತಿದೆಯೇ ಇಳಿಯುತ್ತಿದೆಯೇ, ಒರಟೋ ನಯವೋ ಎನ್ನುವಷ್ಟಕ್ಕೆ ನಿಮ್ಮ ಕೆಲಸ ಮುಗಿಯಿತು.

ಸದ್ದುಗಳಲ್ಲಿ ಸುಲಭ ಕಷ್ಟಗಳ ಒಂದು ಮೆಟ್ಟಿಲುಸಾಲು ಇದೆ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಫ್ಯಾನಿನಂಥ ಒಂದೇ ಸಮನೆಯ ಸದ್ದು ಎಲ್ಲಕ್ಕಿಂತ ಸುಲಭ. ಆಗಾಗ ಬಂದು ಹೋಗುವ ವಾಹನ ಸ್ವಲ್ಪ ಕಷ್ಟ. ಅರ್ಥವಾಗದ ಭಾಷೆಯ ಮಾತು ಇನ್ನೂ ಕಷ್ಟ. ಅರ್ಥವಾಗುವ ಕನ್ನಡದ ಮಾತು ಬಹಳ ಕಷ್ಟ, ಅದರಲ್ಲಿ ನಿಮ್ಮ ಹೆಸರೇ ಬಂದರಂತೂ ಗಮನ ಸೆಟೆದು ನಿಲ್ಲುತ್ತದೆ. ಆದ್ದರಿಂದ ಮೊದಲ ಎರಡು ವಾರ ಮನೆಯಲ್ಲಿ ಮಾತು ಕಡಿಮೆ ಇರುವ ಹೊತ್ತು ಆರಿಸಿಕೊಳ್ಳಿ. ಬೆಳಗಿನ ಜಾವವೇ ಆಗಬೇಕೆಂದಿಲ್ಲ, ಮಧ್ಯಾಹ್ನವೂ ಆಗಬಹುದು. ಆಮೇಲೆ ಟಿವಿ ನಡೆಯುವ ಹೊತ್ತಿನಲ್ಲಿ ಕೂತು, ಮಾತಿನ ಅರ್ಥ ಬಿಟ್ಟು ಅದರ ಏರಿಳಿತವನ್ನಷ್ಟೇ ಕೇಳಲು ಪ್ರಯತ್ನಿಸಿ.

ಯಾರಾದರೂ ನಿಜವಾಗಿ ನಿಮ್ಮನ್ನು ಕರೆದರೆ ಓಗೊಡಿ. ಅಗತ್ಯವಿದ್ದರೆ ಎದ್ದು ಹೋಗಿ, ಬಂದು ಎರಡನೆಯ ಸುತ್ತಿನಿಂದ ಮುಂದುವರಿಸಿ. ಮನೆಯವರ ಮೇಲೆ “ನನ್ನ ಧ್ಯಾನ ಕೆಡಿಸಿದಿರಿ” ಎಂದು ರೇಗುವವರಿಗೆ ಅಂದಿನ ಅಭ್ಯಾಸ ಅಲ್ಲಿಗೇ ಮುಗಿಯಿತು, ಎಷ್ಟೇ ಹೊತ್ತು ಕೂತಿದ್ದರೂ.

ಸಾಮಾನ್ಯ ತಪ್ಪು: ನಾಲ್ಕನೆಯ ಸುತ್ತಿನಲ್ಲಿ ಅನಾಹತ ನಾದಕ್ಕಾಗಿ, ಅಂದರೆ ಸಾಧಕರಿಗೆ ಒಳಗೇ ಕೇಳಿಸುತ್ತದೆ ಎನ್ನುವ ನಾದಕ್ಕಾಗಿ, ಕಾಯುವುದು. ಕಾಯುವುದೆಂದರೆ ಮನಸ್ಸು ಮತ್ತೆ ವಿಷಯದ ಬೆನ್ನು ಹತ್ತಿದೆ ಎಂದೇ ಅರ್ಥ. ಅಭ್ಯಾಸ ಇಲ್ಲದ ಹೊತ್ತಿನಲ್ಲೂ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಅದನ್ನು ಸಾಧನೆಯ ಫಲ ಎಂದುಕೊಳ್ಳದೆ ಕಿವಿಯ ವೈದ್ಯರಿಗೆ ತೋರಿಸಿ.

## ಹಂತ 5: ಮೈಯಲ್ಲಿ ಸಂಚಾರ

ಕಿವಿಯ ಸುತ್ತುಗಳು ಒಂದು ತಿಂಗಳಾದರೂ ನಡೆದ ಮೇಲೆ ಇದನ್ನು ಸೇರಿಸಿ. ಯೋಗಯಾಜ್ಞವಲ್ಕ್ಯ ಎಂಬ ಹಳೆಯ ಯೋಗಗ್ರಂಥದಲ್ಲಿ ಪ್ರತ್ಯಾಹಾರದ ಒಂದು ವಿಧಾನವಾಗಿ, ಗಮನ ನಿಲ್ಲಿಸಲು ಕಾಲಿನ ಹೆಬ್ಬೆರಳಿನಿಂದ ನೆತ್ತಿಯವರೆಗೆ 18 ಮರ್ಮಸ್ಥಾನಗಳನ್ನು ಹೇಳಿದೆ. ಮನೆಯಲ್ಲಿ ಕಲಿಯುವವರಿಗೆ ಹತ್ತು ಸಾಕು: ಕಾಲಿನ ಹೆಬ್ಬೆರಳು, ಪಾದದ ಕೀಲು, ಮಂಡಿ, ತೊಡೆಯ ನಡು, ಹೊಕ್ಕುಳು, ಎದೆಯ ನಡು, ಗಂಟಲ ಗುಳಿ, ಮೂಗಿನ ಬುಡ, ಹುಬ್ಬುಗಳ ನಡು, ನೆತ್ತಿ.

ಒಂದೊಂದರಲ್ಲೂ ಎರಡು ಉಸಿರಿನಷ್ಟು ಹೊತ್ತು ಗಮನ ನಿಲ್ಲಿಸಿ. ಅಲ್ಲಿ ಬಿಸಿ, ತಂಪು, ಒತ್ತಡ ಏನಿದೆಯೋ ಅದನ್ನು ಅರಿತು ಮುಂದಕ್ಕೆ ಹೋಗಿ. ಏನೂ ತಿಳಿಯದಿದ್ದರೂ ಮುಂದಕ್ಕೆ ಹೋಗಿ. ನೆತ್ತಿ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಹಿಂತಿರುಗಿ.

ತುರಿಕೆ ಬರುತ್ತದೆ, ಬಂದೇ ಬರುತ್ತದೆ. ತಕ್ಷಣ ಕೆರೆದುಕೊಳ್ಳಬೇಡಿ, ಮೂರು ಉಸಿರು ಅದನ್ನು ನೋಡಿ. ಎಷ್ಟೋ ಸಲ ಅದು ಜಾಗ ಬದಲಿಸುತ್ತದೆ ಅಥವಾ ಕರಗಿಹೋಗುತ್ತದೆ. ಹೋಗದಿದ್ದರೆ ನಿಧಾನವಾಗಿ ಕೆರೆದುಕೊಳ್ಳಿ, ಅದರಲ್ಲಿ ಸೋಲೇನೂ ಇಲ್ಲ. ಸೊಳ್ಳೆ ಕಚ್ಚುವುದನ್ನು ಮಾತ್ರ ಸಹಿಸಬೇಕಿಲ್ಲ. ಪರದೆ ಕಟ್ಟಿಕೊಂಡು ಕೂರಿ. ಕಾಲು ಜೋಮು ಹಿಡಿದರೆ ಬದಲಿಸಿ.

## ಹಂತ 6: ಷಣ್ಮುಖಿ ಮುದ್ರೆ, ಬೇಕೆನಿಸಿದರೆ

ಕಿವಿ, ಕಣ್ಣು, ಮೂಗು, ಬಾಯಿಗಳ ಮೇಲೆ ಬೆರಳಿಟ್ಟು ಕೂರುವ ಮುದ್ರೆ ಇದು. ಹೆಚ್ಚಿನವರು ಇಲ್ಲಿಂದಲೇ ಶುರು ಮಾಡುತ್ತಾರೆ, ಹಾಗಾಗಿಯೇ ಸೋಲುತ್ತಾರೆ. ಹಿಂದಿನ ಹಂತಗಳು ಕೈಗೂಡಿದ್ದರೆ ಇದಿಲ್ಲದೆಯೂ ನಡೆಯುತ್ತದೆ.

ಮಾಡುವವರು ಹೀಗೆ ಮಾಡಿ. ಹೆಬ್ಬೆರಳಿನಿಂದ, ಕಿವಿಯ ತೂತಿನ ಮುಂದೆ ಚಾಚಿಕೊಂಡಿರುವ ಚಿಕ್ಕ ಮೆತ್ತನೆಯ ಭಾಗವನ್ನು ಒಳಕ್ಕೆ ಒತ್ತಿ. ಬೆರಳನ್ನು ತೂತಿನೊಳಗೆ ತೂರಿಸಬೇಡಿ. ತೋರುಬೆರಳು ಮುಚ್ಚಿದ ರೆಪ್ಪೆಯ ಮೇಲೆ ತಾಗಿಯೂ ತಾಗದಂತೆ. ನಡುಬೆರಳು ಮೂಗಿನ ಪಕ್ಕದಲ್ಲಿ, ಉಸಿರಾಟಕ್ಕೆ ಅಡ್ಡಿಯಾಗದಷ್ಟು ಹಗುರವಾಗಿ. ಉಂಗುರಬೆರಳು ಮೇಲ್ದುಟಿಯ ಮೇಲೆ, ಕಿರುಬೆರಳು ಕೆಳದುಟಿಯ ಕೆಳಗೆ. ಮೊಳಕೈ ಭುಜದ ಮಟ್ಟದಲ್ಲಿ ಇರುವುದರಿಂದ ಬೇಗ ದಣಿವಾಗುತ್ತದೆ. ಒಂದು ನಿಮಿಷದಿಂದ ಆರಂಭಿಸಿ, ಐದು ನಿಮಿಷ ದಾಟಬೇಡಿ.

ಕಣ್ಣುಗುಡ್ಡೆಯನ್ನು ಒತ್ತಲೇಬಾರದು. ಅಲ್ಲಿ ಒತ್ತಡ ಬಿದ್ದರೆ ಹೃದಯಬಡಿತ ಇದ್ದಕ್ಕಿದ್ದಂತೆ ನಿಧಾನವಾಗಬಹುದು. ಗ್ಲಾಕೋಮಾ ಇರುವವರು, ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆದವರು, ಕಿವಿ ಸೋರುತ್ತಿರುವವರು ಈ ಹಂತವನ್ನು ಪೂರ್ತಿ ಬಿಟ್ಟುಬಿಡಿ. ಮುಚ್ಚಿದಾಗ ಉಸಿರುಕಟ್ಟಿದ ಭಯ ಬಂದರೆ ಕೂಡಲೇ ಕೈ ತೆಗೆಯಿರಿ.

## ಹಂತ 7: ಕಣ್ಣು ತೆರೆದು, ದಿನದ ನಡುವೆ

ಕೂತಾಗ ಸಿಕ್ಕಿದ್ದು ಎದ್ದಾಗ ಉಳಿಯದಿದ್ದರೆ ಪ್ರಯೋಜನ ಕಡಿಮೆ. ಮೊದಲ ವಾರದ ಪುಸ್ತಕ ತೆಗೆದು ದಟ್ಟವಾಗಿದ್ದ ಅಂಕಣ ನೋಡಿ. ಆ ಇಂದ್ರಿಯದಿಂದ ಆರಂಭಿಸಿ, ವಾರಕ್ಕೆ ಒಂದೇ ಇಂದ್ರಿಯ, ದಿನಕ್ಕೆ ಒಂದೇ ಗೊತ್ತಾದ ಸಂದರ್ಭ. “ಇಡೀ ದಿನ ಎಚ್ಚರವಾಗಿ ಇರುತ್ತೇನೆ” ಎಂಬ ಸಂಕಲ್ಪ ಬೆಳಗಿನ ಕಾಫಿಯವರೆಗೂ ಉಳಿಯುವುದಿಲ್ಲ.

ಕಿವಿ. ಮೊಬೈಲ್‌ನಲ್ಲಿ ಸಂದೇಶದ ಸದ್ದು ಬಂದಾಗ ಮೂರು ಉಸಿರು ಬಿಟ್ಟು ಕೈ ಚಾಚಿ. ನೋಡಬಾರದು ಎಂದಲ್ಲ. ಆ ಮೂರು ಉಸಿರಿನಲ್ಲಿ ಕೈಯಲ್ಲಿ ಹುಟ್ಟುವ ತವಕ, ಹೊಟ್ಟೆಯಲ್ಲಿ ಆಗುವ ಚಿಕ್ಕ ಬಿಗಿತ, ಯಾರಿರಬಹುದು ಎಂಬ ಊಹೆ ಇವನ್ನು ನೋಡುವುದೇ ಅಭ್ಯಾಸ.

ಕಣ್ಣು. ಬಸ್ಸಿನಲ್ಲೋ ಮೆಟ್ರೊದಲ್ಲೋ ಕೂತಿರುವಾಗ ಎರಡು ನಿಲ್ದಾಣಗಳ ನಡುವೆ ದೃಷ್ಟಿಯನ್ನು ಒಂದೇ ಕಡೆ ಇರಲು ಬಿಡಿ. ಕಿಟಕಿಯಾಚೆಯ ಅಂಗಡಿ ಫಲಕಗಳನ್ನು ಕಣ್ಣು ತಾನಾಗಿ ಓದುತ್ತಾ ಹೋಗುತ್ತದೆ. ಓದಿದ್ದು ತಿಳಿದಾಗ ಮೆಲ್ಲಗೆ ಹಿಂದಕ್ಕೆ ತನ್ನಿ. ಅಕ್ಷರಗಳು ಕಾಣಿಸುತ್ತಲೇ ಇದ್ದು ಓದು ನಡೆಯದ ಕ್ಷಣ ಒಮ್ಮೆಯಾದರೂ ಬರುತ್ತದೆ. ಕಿವಿಯಲ್ಲಿ ಮಾಡಿದ್ದನ್ನೇ ಕಣ್ಣಿನಲ್ಲಿ ಮಾಡಿದಂತಾಯಿತು.

ಮೂಗು. ಅಡುಗೆಮನೆಯಿಂದ ಇಂಗು ಕರಿಬೇವಿನ ಒಗ್ಗರಣೆಯ ಘಮ ಬಂದಾಗ, ಆ ಘಮ ಯಾವ ಗಳಿಗೆಯಲ್ಲಿ ತಟ್ಟೆಯ ಚಿತ್ರವಾಗುತ್ತದೆ ಎಂದು ನೋಡಿ. ಘಮವನ್ನು ಘಮವಾಗಿಯೇ ಎರಡು ಉಸಿರು ಇರಲು ಬಿಡಿ.

ನಾಲಿಗೆ. ಇದು ಕೊನೆಗೆ ಮಣಿಯುವ ಇಂದ್ರಿಯ, ಆತುರ ಬೇಡ. ಊಟದ ಮೊದಲ ಐದು ತುತ್ತು ಮಾತಿಲ್ಲದೆ ತಿನ್ನಿ. ಬಾಯಲ್ಲಿದ್ದದ್ದು ನುಂಗಿದ ಮೇಲೆ ಮುಂದಿನ ತುತ್ತು ಕಲಸಿ. ಉಪ್ಪು ಕಡಿಮೆ ಎನಿಸಿದರೆ ಉಪ್ಪಿನಕಾಯಿಗೆ ಕೈ ಹಾಕುವ ಮುನ್ನ ಮತ್ತೊಂದು ತುತ್ತು ಹಾಗೆಯೇ ತಿನ್ನಿ. ಅಡುಗೆ ರುಚಿಯಾಗಿದ್ದರೆ ರುಚಿಯಾಗಿದೆ ಎಂದು ಹೇಳಿ; ರುಚಿ ತಿಳಿಯದಂತೆ ತಿನ್ನುವುದು ಪ್ರತ್ಯಾಹಾರವಲ್ಲ, ಅಡುಗೆ ಮಾಡಿದವರಿಗೆ ಮಾಡುವ ಅವಮಾನ.

ಚರ್ಮ. ಕರೆಂಟ್ ಹೋಗಿ ಫ್ಯಾನ್ ನಿಂತ ಕೂಡಲೇ ಬೆವರುವ ಮೊದಲೇ ಬೈಗುಳ ಬರುತ್ತದೆ. ಸೆಕೆ ನಿಜವಾಗಿ ಚರ್ಮಕ್ಕೆ ತಾಗುವವರೆಗೆ ಕಾಯಿರಿ. ನಿಮಿಷಗಳೇ ಬೇಕಾಗುತ್ತವೆ.

## ಎಲ್ಲಿ ನಿಲ್ಲಿಸಬೇಕು

ಪ್ರತ್ಯಾಹಾರ ಸರಿಯಾಗಿ ಸಾಗುತ್ತಿದ್ದರೆ ಎದ್ದ ಮೇಲೆ ಮನೆಯವರ ಮಾತು ಮೊದಲಿಗಿಂತ ಚೆನ್ನಾಗಿ ಕೇಳಿಸಬೇಕು. ಮಕ್ಕಳು ಮಾತನಾಡಿಸಿದರೆ ಪೂರ್ತಿ ಅವರ ಕಡೆಗೆ ತಿರುಗಲು ಆಗಬೇಕು. ಸದ್ದಿನ ಮೇಲಿನ ಸಿಟ್ಟು ಬಂದರೂ ಬೇಗ ಇಳಿಯಬೇಕು.

ಇದಕ್ಕೆ ವಿರುದ್ಧವಾದ ಲಕ್ಷಣಗಳು ಕಂಡರೆ ಅಭ್ಯಾಸ ದಾರಿ ತಪ್ಪಿದೆ. ಸುತ್ತಲಿನದೆಲ್ಲ ಸುಳ್ಳು ಎನಿಸುವುದು, ತನ್ನ ಮೈ ತನ್ನದಲ್ಲ ಎನಿಸುವುದು, ಭಾವನೆಗಳು ಮರಗಟ್ಟಿದಂತಾಗುವುದು, ಜನರೊಡನೆ ಬೆರೆಯಲು ಮನಸ್ಸಾಗದಿರುವುದು, ಹಲವು ರಾತ್ರಿ ನಿದ್ದೆ ಬಾರದಿರುವುದು, ಅಭ್ಯಾಸದ ಹೊರಗೂ ದನಿಗಳು ಕೇಳಿಸುವುದು. ಇವುಗಳಲ್ಲಿ ಯಾವುದೇ ಒಂದು ಕಂಡರೂ ನಿಲ್ಲಿಸಿ, ಕಣ್ಣು ತೆರೆದು ನಡೆದಾಡಿ, ತಣ್ಣೀರಿನಲ್ಲಿ ಕೈಕಾಲು ತೊಳೆಯಿರಿ, ಮನೆಯವರೊಡನೆ ಮಾತನಾಡಿ. ಎರಡು ದಿನದಲ್ಲಿ ಹೋಗದಿದ್ದರೆ ಮನೋವೈದ್ಯರನ್ನು ಕಾಣಿ. ದನಿಗಳ ವಿಷಯದಲ್ಲಿ ಎರಡು ದಿನ ಕಾಯುವುದೂ ಬೇಡ. ಇವನ್ನು ವೈರಾಗ್ಯದ ಗುರುತು ಎಂದು ಹೊಗಳುವವರ ಮಾತು ಕೇಳಬೇಡಿ.

ಬರೀ ತೂಕಡಿಕೆ ಬರುತ್ತಿದ್ದರೆ ಅದು ಅಪಾಯವಲ್ಲ, ನಿದ್ದೆ ಸಾಲದೆ ಇರುವುದರ ಸೂಚನೆ. ರಾತ್ರಿ ಬೇಗ ಮಲಗಿ. ತಲೆ ಭಾರವಾದರೆ ನೀವು ಎಲ್ಲೋ ಹುಬ್ಬು ಗಂಟಿಕ್ಕಿ ಬಲ ಹಾಕುತ್ತಿದ್ದೀರಿ. ಮೂರನೆಯ ಹಂತಕ್ಕೆ ಮರಳಿ ಒಂದು ವಾರ ಬರಿಯ ಉಸಿರಿನಲ್ಲಿ ಇರಿ.

## ಮುಂದಿನ ಅಂಗಕ್ಕೆ ಯಾವಾಗ?

ಟಿವಿ ನಡೆಯುತ್ತಿರುವ ಮನೆಯಲ್ಲಿ ಕಿವಿಯ ನಾಲ್ಕು ಸುತ್ತು ಮುಗಿಸಿ, ಮೂರನೆಯ ಸುತ್ತಿನಲ್ಲಿ ಕೇಳಿದ ಮಾತುಗಳ ವಿಷಯ ಏನೆಂದು ನಿಮಗೆ ನೆನಪಿಲ್ಲದ ದಿನಗಳು ವಾರದಲ್ಲಿ ನಾಲ್ಕೈದು ಬಂದರೆ, ಒಂದೇ ನೆಲೆಯಲ್ಲಿ ಮನಸ್ಸು ನಿಲ್ಲಿಸುವ ಧಾರಣೆಗೆ ಹೋಗಬಹುದು. ಐದನೆಯ ಹಂತದ ಹತ್ತು ಸ್ಥಾನಗಳಲ್ಲಿ ನಿಮಗೆ ಅತ್ಯಂತ ಸ್ಪಷ್ಟವಾಗಿ ತಿಳಿಯುವ ಒಂದನ್ನು ಆರಿಸಿಕೊಂಡು, ಕಿವಿಯ ಸುತ್ತುಗಳಾದ ಕೂಡಲೇ ಐದು ನಿಮಿಷ ಅಲ್ಲಿಯೇ ಇರಿ. ಅಂಥ ದಿನಗಳು ಇನ್ನೂ ಬಂದಿಲ್ಲವಾದರೆ ನಾಲ್ಕನೆಯ ಹಂತದಲ್ಲೇ ಮುಂದುವರಿಯಿರಿ, ಎಷ್ಟು ತಿಂಗಳಾದರೂ ಸರಿ.